ಮಂಚಕ್ಕೆ ದುಡ್ಡಿದೆ, ಸೂರಿಗಿಲ್ಲ

17 ನವೆಂಬರ್ 2024, ಭಾನುವಾರ

ಬೆಳಿಗ್ಗೆ ಇನ್ನೂ ಮುಖ ತೊಳೆದಿರಲಿಲ್ಲ, ನಾನು ನಡೆಸುವ ಮಕ್ಕಳ ಮನೆಗೆ ಪಕ್ಕದ ಊರಿನ ಹಿರಿಯರೊಬ್ಬರ ಫೋನು. ಅವರ ನೆಂಟರ ಪೈಕಿ ಒಂದು ಹೆಣ್ಣುಮಗು, ಎರಡು ವರ್ಷ ಆಗಿಲ್ಲ. ತಾಯಿ ತೀರಿಕೊಂಡಿದ್ದಾಳೆ, ತಂದೆ ದುಡಿಯೋಕೆ ಅಂತ ಎಲ್ಲೋ ದೂರದಲ್ಲಿದ್ದಾನೆ. "ನಿಮ್ಮಲ್ಲಿ ಇಷ್ಟೊಂದು ಮಕ್ಕಳಿದ್ದಾರಲ್ಲ, ಇನ್ನೊಂದು ಹೆಚ್ಚಾಗುತ್ತಾ ಅಕ್ಕಾ?" ಅಂದರು.

ಹೆಚ್ಚು ಅಂತಲ್ಲ. ಅಷ್ಟು ಚಿಕ್ಕ ಕೂಸನ್ನು ನಾವು ತಗೊಳಲ್ಲ. ಇದು ಅವರಿಗೆ ಕಲ್ಲುಮನಸ್ಸಿನ ಮಾತು ಅನ್ನಿಸಿತು, ದನಿಯಲ್ಲೇ ಗೊತ್ತಾಯಿತು. ನಮ್ಮಲ್ಲಿ ನೋಡಿಕೊಳ್ಳುವವರು ಪಾಳಿಯ ಮೇಲೆ ಬದಲಾಗುತ್ತಾರೆ. ರಾತ್ರಿ ಮಲಗಿಸಿದ ಕೈ ಬೆಳಿಗ್ಗೆ ಎತ್ತಿಕೊಳ್ಳಲ್ಲ. ದೊಡ್ಡ ಮಕ್ಕಳು ಅದನ್ನು ಹೇಗೋ ತಡೆದುಕೊಳ್ಳುತ್ತಾರೆ, ಕೂಸುಗಳಿಗೆ ಅದು ಆಗದ ಮಾತು. ರುಮೇನಿಯಾದ ಬುಖಾರೆಸ್ಟ್‌ನಲ್ಲಿ 2000ರಲ್ಲಿ ಒಂದು ಅಧ್ಯಯನ ಶುರುವಾಯಿತು. ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುವ ಕುಟುಂಬಗಳ ಮನೆಗಳಿಗೆ ಕಳಿಸಿ, ವರ್ಷಾನುಗಟ್ಟಲೆ ಎಲ್ಲರನ್ನೂ ಗಮನಿಸಿದರು. ಮನೆ ಸೇರಿದ ಮಕ್ಕಳ ಬುದ್ಧಿ ಹೆಚ್ಚು ಚುರುಕಾಯಿತು. ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು ಜಾಸ್ತಿ ಚೇತರಿಸಿಕೊಂಡರು. ಇದನ್ನೆಲ್ಲ ಫೋನಿನಲ್ಲಿ ಹೇಳೋಕಾಗಲ್ಲ. "ಆ ಮಗುವಿಗೆ ಚಿಕ್ಕಮ್ಮ, ಸೋದರತ್ತೆ ಯಾರಾದ್ರೂ ಇದ್ದಾರಾ?" ಅಂತ ಕೇಳಿದೆ. ಒಬ್ಬಳು ಚಿಕ್ಕಮ್ಮ ಇದ್ದಾಳಂತೆ, ಗಂಡ ಒಪ್ಪಲ್ಲವಂತೆ. ಮಂಗಳವಾರ ನಾನೇ ಬಂದು ಅವಳ ಗಂಡನ ಹತ್ತಿರ ಮಾತಾಡ್ತೀನಿ ಅಂದೆ. ಗಂಡ ಒಪ್ಪಲ್ಲ ಅಂದರೆ ಬಹಳ ಸಲ ಖರ್ಚು ಒಪ್ಪಲ್ಲ ಅಂತ ಅರ್ಥ. ಅದಕ್ಕೆ ದಾರಿ ಹುಡುಕಬಹುದು.

ಹತ್ತು ಗಂಟೆಗೆ ಹುಟ್ಟುಹಬ್ಬದವರು ಬಂದರು. ಒಳ್ಳೆಯ ಜನ, ತಿಂಗಳ ದಿನಸಿಯನ್ನೂ ತಂದಿದ್ದರು. ಫೋಟೊ ಬೇಡ ಅಂತ ಮೊದಲೇ ಹೇಳಿದ್ದೆ, ಒಪ್ಪಿದ್ದರು. ಹಾಡು ಶುರುವಾಗುತ್ತಿದ್ದ ಹಾಗೆ ಮೂರು ಮೊಬೈಲು ಮೇಲೆದ್ದವು. "ಸ್ಟೇಟಸ್‌ಗೆ ಅಷ್ಟೇ ಮೇಡಂ." ಹಳ್ಳಿಯಲ್ಲಿ ಸ್ಟೇಟಸ್ ಅಷ್ಟಕ್ಕೇ ನಿಲ್ಲಲ್ಲ. ಸಂಜೆಯೊಳಗೆ ಊರೆಲ್ಲ ಸುತ್ತಿ, ಇವನು ಇಂಥವರ ಮಗ ಅಲ್ವಾ ಅಂತ ಗುರುತು ಹಿಡಿದಾಗಿರುತ್ತೆ. ಸೋಮವಾರ ಶಾಲೆಯಲ್ಲಿ ಅನ್ನಿಸಿಕೊಳ್ಳೋದು ಮಗು. ಖಾಸಗಿತನ ಮಕ್ಕಳಿಗೂ ಇದೆ ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿಯಲ್ಲೇ ಬರೆದಿದೆ. ಆ ಒಡಂಬಡಿಕೆಗೆ ಈ ಬುಧವಾರ 35 ವರ್ಷ.

ಅದಕ್ಕಿಂತ ನನಗೆ ಕಷ್ಟವಾಗಿದ್ದು, ಒಬ್ಬರು ಮಕ್ಕಳ ಎದುರಿಗೇ "ಇವರಲ್ಲಿ ಪೂರ್ತಿ ಅನಾಥರು ಎಷ್ಟು?" ಅಂತ ಕೇಳಿದ್ದು. ತಟ್ಟೆ ಜೋಡಿಸುತ್ತಿದ್ದ ಹುಡುಗಿ ತಲೆ ಎತ್ತಿ ನನ್ನನ್ನೇ ನೋಡಿದಳು. ನಾನು ಏನು ಹೇಳ್ತೀನಿ ಅಂತ ಅವಳಿಗೂ ಕುತೂಹಲ. ಆಫೀಸಿಗೆ ಬನ್ನಿ ಅಂತ ಕರೆದುಕೊಂಡು ಹೋದೆ. ನಮ್ಮಲ್ಲಿರುವ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಅಜ್ಜಿಯೋ ಇದ್ದಾರೆ ಅಂದಾಗ ಅವರ ಮುಖ ಸ್ವಲ್ಪ ಇಳಿಯಿತು. ಮೋಸ ಹೋದ ಹಾಗೆ. ಆದರೆ ಇದು ನಮ್ಮೊಬ್ಬರ ಕಥೆಯಲ್ಲ, ಬೇರೆ ಬೇರೆ ದೇಶಗಳ ಇಂಥ ಮನೆಗಳಲ್ಲೂ ಹೀಗೇ.

ಮಧ್ಯಾಹ್ನ ಒಬ್ಬ ಅಜ್ಜಿ ಬಂದರು. ಬಸ್ಸಿಳಿದು ಬಿಸಿಲಲ್ಲಿ ನಡೆದುಕೊಂಡೇ ಬಂದಿದ್ದರು. ಮೊಮ್ಮಗ ಮೂರನೇ ಕ್ಲಾಸು. ಮಳೆಗೆ ಮನೆಯ ಒಂದು ಕಡೆ ಸೂರು ಕುಸಿದ ಮೇಲೆ ಅವನನ್ನು ನಮ್ಮಲ್ಲಿ ಬಿಟ್ಟಿದ್ದರು. ಬಂದ ಹೊಸದರಲ್ಲಿ ಊಟದಲ್ಲಿ ಉಳಿದಿದ್ದನ್ನೆಲ್ಲ ದಿಂಬಿನ ಕವರಿಗೆ ತುರುಕಿ ಇಟ್ಟುಕೊಳ್ಳುತ್ತಿದ್ದ. ಇರುವೆ ಸಾಲು ಹಿಡಿದಾಗಲೇ ನಮಗೆ ಗೊತ್ತಾಗಿದ್ದು. ಅಡುಗೆಯ ಅಕ್ಕ ಬೈಯಲಿಲ್ಲ. ಬಿಗಿ ಮುಚ್ಚಳದ ಒಂದು ಡಬ್ಬಿ ಕೊಟ್ಟು, "ಇದರಲ್ಲಿ ಇಟ್ಕೋ, ಇರುವೆ ಬರಲ್ಲ" ಅಂದರು. ಯಾವ ತರಬೇತಿಯಲ್ಲೂ ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬರುಬರುತ್ತಾ ಡಬ್ಬಿಗೆ ಊಟ ಹಾಕೋದು ನಿಂತಿತು. ಈಗ ಅದರಲ್ಲಿ ಪೆನ್ಸಿಲ್ ಚೂರುಗಳಿವೆ.

ಅಜ್ಜಿ ಸೆರಗಿನ ಗಂಟು ಬಿಚ್ಚಿ ಅವನ ಹಳೆಯ ಗೋಲಿಗಳನ್ನು ಕೊಟ್ಟರು. ಅವನು ಅಲ್ಲೇ ನೆಲದ ಮೇಲೆ ಸುರಿದು ಎಣಿಸಿ, "ಕೆಂಪುದು ಎಲ್ಲಿ?" ಅಂತ ಜಗಳ ತೆಗೆದ. ಅಜ್ಜಿ ನಕ್ಕರು. ಹೊರಡುವಾಗ ನನಗೆ ಹೇಳಿದರು, "ಸೂರು ಒಂದು ಆಗ್ಲಿ ಕಣಮ್ಮ, ಮಾರನೇ ದಿನವೇ ಕರ್ಕೊಂಡು ಹೋಗ್ತೀನಿ."

ಸುಮ್ನೆ ಅಂದ ಮಾತಲ್ಲ ಅದು. ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರೆ ಮಾಡಬಾರದು ಅಂತ ವಿಶ್ವಸಂಸ್ಥೆ 2009ರಲ್ಲೇ ಮಾರ್ಗಸೂಚಿ ಒಪ್ಪಿದೆ. ಈ ಹುಡುಗನ ಫೈಲಿನಲ್ಲಿ ಬೇರೆ ಯಾವ ಕಾರಣವೂ ಇಲ್ಲ. ಹೊಡೆತ ಇಲ್ಲ, ಕುಡಿತ ಇಲ್ಲ, ಪ್ರೀತಿಗೆ ಕೊರತೆಯಿಲ್ಲ. ಬೇಕಾಗಿರೋದು ನಾಲ್ಕು ತೊಲೆ, ಒಂದಷ್ಟು ಶೀಟು, ಕೂಲಿ. ಒಂದು ಮಗುವನ್ನು ನಮ್ಮಲ್ಲಿ ಒಂದು ವರ್ಷ ಸಾಕುವ ಖರ್ಚಿಗಿಂತ ಅದು ಕಮ್ಮಿ. ಎಲ್ಲ ಮಕ್ಕಳದ್ದೂ ಹೀಗೇ ಅಂತಲ್ಲ. ಮನೆಗೆ ಕಳಿಸಿದರೆ ಜೀವಕ್ಕೇ ಅಪಾಯ ಅನ್ನುವ ಮಕ್ಕಳೂ ಇದ್ದಾರೆ, ಅವರ ವಿಷಯ ಇಲ್ಲಿ ಬರೆಯಲ್ಲ.

ಆದರೆ ದುಡ್ಡು ಬರೋದು ತಲೆ ಲೆಕ್ಕದಲ್ಲಿ. ಎಲ್ಲರ ಮೊದಲ ಪ್ರಶ್ನೆ "ಎಷ್ಟು ಮಕ್ಕಳಿದ್ದಾರೆ?" ಹೋದ ವರ್ಷಕ್ಕಿಂತ ಕಮ್ಮಿ ಅಂದರೆ "ಯಾಕೆ, ಸರಿಯಾಗಿ ನಡೀತಿಲ್ವಾ?" ಅಂತಾರೆ. ಇಬ್ಬರು ಮಕ್ಕಳು ಮನೆ ಸೇರಿದರು ಅಂತ ನಾನು ಖುಷಿಯಿಂದ ಹೇಳಿದರೆ ಮುಂದಿನ ಕಂತು ಸಣ್ಣದಾಗುತ್ತೆ. ಹೀಗಿದ್ದರೆ ಯಾವ ಮಕ್ಕಳ ಮನೆಯವರು ತಾನೇ ಮಕ್ಕಳನ್ನು ವಾಪಸ್ ಕಳಿಸೋಕೆ ಮನಸ್ಸು ಮಾಡ್ತಾರೆ? ಇಲ್ಲಿರುವ ಪ್ರತಿ ಮಗು ಇನ್ನೂ ಯಾಕೆ ಇಲ್ಲಿದೆ ಅಂತ ಆಗಾಗ ಪರಿಶೀಲಿಸಬೇಕು, ಅದೂ ಒಡಂಬಡಿಕೆಯ 25ನೇ ವಿಧಿ. ದಾನಿಗಳ ಫಾರಂನಲ್ಲಿ ಅದಕ್ಕೆ ಕಾಲಂ ಇರಲ್ಲ.

ಸಂಜೆ ಮಕ್ಕಳ ಸಭೆ. ಪೋಲೆಂಡಿನ ಯಾನುಷ್ ಕೊರ್ಚಾಕ್ ಅನ್ನುವ ವೈದ್ಯರು 1912ರಿಂದ ವಾರ್ಸಾದಲ್ಲಿ ಅನಾಥಾಲಯ ನಡೆಸುತ್ತಿದ್ದರು. ಅಲ್ಲಿ ಮಕ್ಕಳದ್ದೇ ನ್ಯಾಯಾಲಯ. ದೊಡ್ಡವರ ಮೇಲೂ ದೂರು ಕೊಡಬಹುದಿತ್ತು, ಕೊರ್ಚಾಕ್ ಅವರೇ ಅದರ ಮುಂದೆ ನಿಲ್ಲಬೇಕಾಗಿ ಬಂದಿತ್ತು. ನಮ್ಮದು ಅಷ್ಟು ದೊಡ್ಡದಲ್ಲ, ಚಾಪೆ ಮೇಲೆ ಕೂತು ನಡೆಸುವ ಸಭೆ. ಇವತ್ತಿನ ಮೊದಲ ದೂರು: ಭಾನುವಾರವೂ ಐದೂವರೆಗೆ ಗಂಟೆ ಯಾಕೆ? ವಾದ ಗಟ್ಟಿಯಾಗಿತ್ತು. ಏಳಕ್ಕೆ ಅಂತ ತೀರ್ಮಾನವಾಯಿತು. ಎರಡನೆಯದು, ಮನೆಗೆ ಬಂದವರು ಕೆನ್ನೆ ಹಿಂಡಬಾರದು. ಅದನ್ನು ಗೇಟಿನ ಬೋರ್ಡಿನಲ್ಲೇ ಬರೆಸ್ತೀನಿ ಅಂದೆ.

ಊರಾಚೆ ಕೆಲಸದಲ್ಲಿರುವ ಒಬ್ಬ ದಾನಿ ಹೋದ ವಾರ ಆರು ಮಂಚ ಕೊಡಿಸುವುದಾಗಿ ಹೇಳಿದ್ದರು. ಮಕ್ಕಳು ಮಲಗಿದ ಮೇಲೆ ಅವರಿಗೆ ಬರೆದೆ: ಮಂಚ ಬೇಡ, ಆ ದುಡ್ಡಿನಲ್ಲಿ ಒಂದು ಸೂರು ಹಾಕಿಸಿದರೆ ಒಬ್ಬ ಹುಡುಗ ಮನೆಗೆ ಹೋಗ್ತಾನೆ. ಈಗಷ್ಟೇ ಉತ್ತರ ಬಂತು. "ಮಂಚದ ಮೇಲಾದ್ರೆ ನಮ್ಮ ತಂದೆಯವರ ಹೆಸರು ಬರೆಸಬಹುದು ಮೇಡಂ. ಸೂರಿಗೆ ಹೇಗೆ?"

ನಾಳೆ ಫೋನ್ ಮಾಡ್ತೀನಿ. ಮಾತಿನಲ್ಲಿ ಅವರು ಸುಲಭವಾಗಿ ಇಲ್ಲ ಅನ್ನುವವರಲ್ಲ.