ಹಾಡಿದರೆ ಹೊಟ್ಟೆ ತುಂಬುವುದಿಲ್ಲ, ಆದರೂ ಹಾಡುತ್ತೇವೆ

ಹಾಡಿನಿಂದ ಹಸಿವು ಹೋಗುವುದಿಲ್ಲ, ಚಳಿಯೂ ನಿಲ್ಲುವುದಿಲ್ಲ. ಹಾಗಿದ್ದರೆ ಮನುಷ್ಯನಿಗೆ ಇದು ಯಾಕೆ ಬಂತು? ಡಾರ್ವಿನ್‌ಗೂ ಇದೇ ತಲೆನೋವಾಗಿತ್ತು. 1871ರಲ್ಲಿ ಆತ ಕೊಟ್ಟ ಉತ್ತರ, ಸಂಗಾತಿಯನ್ನು ಒಲಿಸಿಕೊಳ್ಳಲು, ಹಕ್ಕಿಗಳ ಹಾಗೆ. ಮನೋವಿಜ್ಞಾನಿ ಸ್ಟೀವನ್ ಪಿಂಕರ್ 1997ರಲ್ಲಿ ಇನ್ನೂ ಖಾರವಾಗಿ, ಸಂಗೀತ ಅಂದರೆ ಕಿವಿಗೆ ಚೀಸ್‌ಕೇಕ್ ಅಷ್ಟೇ, ರುಚಿ ಇದೆ, ಅಗತ್ಯವೇನಿಲ್ಲ ಅಂದುಬಿಟ್ಟರು.

ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಒಲಿಸಿಕೊಳ್ಳಲು ಮಾತ್ರ ಆಗಿದ್ದರೆ ಮಗುವನ್ನು ಮಲಗಿಸಲು ಯಾಕೆ ಹಾಡುತ್ತೇವೆ? ಸತ್ತವರ ಮುಂದೆ ಯಾಕೆ ಹಾಡುತ್ತೇವೆ? ಜರ್ಮನಿಯ ಹೋಹ್ಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ರಣಹದ್ದಿನ ಮೂಳೆಯ ಕೊಳಲು ಸಿಕ್ಕಿತು, ಸುಮಾರು 40,000 ವರ್ಷ ಹಳೆಯದು. ಹಿಮಯುಗದಲ್ಲಿ, ಬದುಕುವುದೇ ಕಷ್ಟವಾಗಿದ್ದಾಗ, ಯಾರೋ ಕೂತು ಮೂಳೆಗೆ ಅಳತೆ ನೋಡಿ ತೂತು ಕೊರೆದಿದ್ದಾರೆ. ಸುಮ್ನೆ ಹೊತ್ತು ಹೋಗಲಿ ಅಂತ ಇಷ್ಟು ಕಷ್ಟಪಡುತ್ತಾರಾ?

ನನಗೆ ಜಾಸ್ತಿ ಹಿಡಿಸುವುದು ಗುಂಪನ್ನು ಬೆಸೆಯುವ ವಾದ. ಮನುಷ್ಯ ವಿಕಾಸವಾದ ಬಗೆಯನ್ನು ಅಧ್ಯಯನ ಮಾಡುವ ರಾಬಿನ್ ಡನ್‌ಬಾರ್ ಹೇಳುವ ಪ್ರಕಾರ, ಕೋತಿಗಳು ಒಂದಕ್ಕೊಂದು ಹೇನು ಹೆಕ್ಕುತ್ತಾ ಸ್ನೇಹ ಬೆಳೆಸುತ್ತವೆ, ಆದರೆ ಹೇನು ಹೆಕ್ಕುವುದು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಸಾಧ್ಯ. ಗುಂಪು ದೊಡ್ಡದಾದ ಮೇಲೆ ಒಟ್ಟಿಗೆ ನಗುವುದು, ಹಾಡುವುದು, ಕುಣಿಯುವುದು ಆ ಕೆಲಸಕ್ಕೆ ಬಂದವು. ಜೊತೆಯಾಗಿ ಹಾಡಿದ ಮೇಲೆ ಜನ ನೋವನ್ನು ಹೆಚ್ಚು ತಡೆದುಕೊಳ್ಳುತ್ತಾರೆ ಅನ್ನುವುದನ್ನು ಇವರ ತಂಡ ಅಳೆದು ನೋಡಿದೆ. ಇದು ಎಂಡಾರ್ಫಿನ್, ಅಂದರೆ ನೋವು ತಗ್ಗಿಸಲು ನಮ್ಮ ಮೈಯೇ ತಯಾರಿಸುವ ರಾಸಾಯನಿಕದ ಕೆಲಸ ಅನ್ನುತ್ತಾರೆ.

ಒಬ್ಬರೇ ಹೆಡ್‌ಫೋನ್ ಹಾಕಿಕೊಂಡಾಗಲೂ ಮೈ ಜುಮ್ಮೆನ್ನುತ್ತದೆ ಅಲ್ವಾ? 2011ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಅದನ್ನೇ ಸ್ಕ್ಯಾನ್ ಮಾಡಿದರು. ಆ ಜುಮ್ಮೆನ್ನುವ ಕ್ಷಣದಲ್ಲಿ ಮಿದುಳಿನ ಒಂದು ಭಾಗದಲ್ಲಿ ಖುಷಿಗೆ ಸಂಬಂಧಿಸಿದ ಡೋಪಮೈನ್ ಅನ್ನುವ ರಾಸಾಯನಿಕ ಬಿಡುಗಡೆ ಆಗುತ್ತದೆ, ಅದಕ್ಕೆ ಸ್ವಲ್ಪ ಮೊದಲು, ಇನ್ನೇನು ಆ ಸಾಲು ಬಂತು ಅನ್ನುವಾಗ, ಬೇರೊಂದು ಭಾಗದಲ್ಲಿ. ಅಂದರೆ ಅರ್ಧ ಸುಖ ಕಾಯುವುದರಲ್ಲೇ ಇದೆ. ಗೊತ್ತಿರುವ ಹಾಡನ್ನೇ ಮತ್ತೆ ಮತ್ತೆ ಕೇಳಿದರೂ ಬೇಜಾರಾಗದಿರುವುದು ಇದಕ್ಕೇ ಇರಬೇಕು.

ಒಂದು ತೊಡಕು ಮಾತ್ರ ಉಳಿಯುತ್ತದೆ. ಕೆಲವರಿಗೆ ಶ್ರುತಿ ತಪ್ಪಿದರೆ ಗೊತ್ತಾಗುತ್ತದೆ, ದುಡ್ಡು ಗೆದ್ದರೆ ಖುಷಿಯೂ ಆಗುತ್ತದೆ, ಹಾಡು ಕೇಳಿದರೆ ಮಾತ್ರ ಏನೂ ಅನಿಸುವುದಿಲ್ಲ. ಕಾಯಿಲೆಯೇನಲ್ಲ, ಅವರು ಇರುವುದೇ ಹಾಗೆ. ಹಾಡು ಅಷ್ಟು ಮುಖ್ಯವಾಗಿದ್ದರೆ ಇವರು ಯಾಕೆ ಉಳಿದುಕೊಂಡರು? ನನ್ನ ಊಹೆ ಇಷ್ಟು: ಗುಂಪಿನಲ್ಲಿ ಬಹಳಷ್ಟು ಜನ ಹಾಡಿದರೆ ಸಾಕು, ನಾಲ್ಕು ಜನ ಸುಮ್ಮನೆ ಕೂತಿದ್ದರೂ ಗುಂಪು ಒಡೆಯುವುದಿಲ್ಲ.