ಕೆರೆಗೆ ದುಡ್ಡು ಸುರಿಯೋ ಮುಂಚೆ ಮೇಲಿನ ಹೊಲ ನೋಡಿ

ನಮ್ಮ ಮಂಡ್ಯ ಕಡೆ ಕೆರೆ ಉಳಿಸೋದು ಅಂದ್ರೆ ಹೂಳೆತ್ತೋದು ಅಂತಾನೇ ಆಗೋಗಿದೆ, ಜೆಸಿಬಿ ಬರ್ತದೆ, ಟ್ರ್ಯಾಕ್ಟರ್ ಓಡಾಡ್ತವೆ, ಬಿಲ್ ಆಗ್ತದೆ, ನಾಲ್ಕೈದು ಮಳೆಗಾಲ ಕಳೆದ್ರೆ ಮತ್ತೆ ಅದೇ ಹೂಳು ಅದೇ ಜೊಂಡು. ಹೂಳು ಕೆರೇಲಿ ಹುಟ್ಟಲ್ಲ ಕಣ್ರೀ, ಮೇಲಿಂದ ಬರ್ತದೆ. ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗಂತೂ ಎಲ್ಲಿಂದ ಬರ್ತಿದೆ ಅಂತ ಹಿಡಿದು ಅಲ್ಲೇ ಖರ್ಚು ಮಾಡ್ಬೇಕು.

ಎಲ್ಲಾ ಹೊಲವೂ ಒಂದೇ ಸಮ ಕೊಳೆ ಕಳ್ಸಲ್ಲ. ಇಳಿಜಾರು ಜಾಸ್ತಿ, ಹಳ್ಳದ ಪಕ್ಕದಲ್ಲೇ ಇದೆ, ಬದು ಒಡೆದಿದೆ, ಗೊಬ್ಬರ ಬೇರೆ ಮಿತಿಮೀರಿ ಬಿದ್ದಿದೆ, ಹಿಂಗೆ ಎಲ್ಲಾ ಸೇರಿರೋ ಕೆಲವೇ ಜಾಗದಿಂದ ಹೆಚ್ಚಿನ ಪಾಲು ಬರೋದು. ಮೇ ತಿಂಗಳಲ್ಲಿ ಹೊಲ ಉತ್ತು ಬಿಟ್ಟಿರೋವಾಗ ಒಂದು ಜೋರು ಮಳೆ ಬೀಳ್ತದಲ್ಲ, ಆವಾಗ ಕೆರೆಗೆ ಸೇರೋ ಒಂದೊಂದು ಹಳ್ಳದಿಂದ್ಲೂ ಒಂದೊಂದು ಖಾಲಿ ಬಾಟ್ಲಿ ನೀರು ಹಿಡ್ಕೊಂಡು ಬಂದು ರಾತ್ರಿಯೆಲ್ಲಾ ಅಲ್ಲಾಡಿಸ್ದೆ ಇಡಿ, ಬೆಳಗ್ಗೆ ಯಾವುದರ ತಳದಲ್ಲಿ ಕೆಂಪು ಮಣ್ಣು ದಪ್ಪಗೆ ಕೂತಿದೆಯೋ ಆ ಹಳ್ಳ ಹಿಡ್ಕೊಂಡು ಮೇಲಕ್ಕೆ ನಡೀರಿ. ಹಳ್ಳದಲ್ಲಿ ನೀರು ಎಷ್ಟು ಹರೀತಿತ್ತು ಅನ್ನೋದೂ ಲೆಕ್ಕಕ್ಕೆ ಇರ್ಲಿ.

ಮಣ್ಣು ತಡೆದ್ರೆ ಕೆರೇಲಿ ಜೊಂಡು ಬೆಳೆಸೋ ರಂಜಕನೂ (ಫಾಸ್ಫರಸ್) ಬಹಳಷ್ಟು ನಿಲ್ತದೆ, ಯಾಕಂದ್ರೆ ಡಿಎಪಿ ಗೊಬ್ಬರದಲ್ಲಿರೋ ರಂಜಕ ಮಣ್ಣಿಗೆ ಅಂಟ್ಕೊಂಡೇ ಹರಿಯೋದು ಜಾಸ್ತಿ. ಒಡೆದ ಬದು ಕಟ್ಟಿ, ಹಳ್ಳದ ಅಂಚಿಗೆ ಲಾವಂಚ ಇಲ್ಲಾ ನೇಪಿಯರ್ ಹುಲ್ಲಿನ ಪಟ್ಟಿ ಬಿಡಿ. "ಅಷ್ಟು ಜಾಗ ಬಿಟ್ರೆ ನಮ್ಗೇನ್ ಸಿಗ್ತದಣ್ಣ" ಅಂತ ಕೇಳೋರು ಇದ್ದೇ ಇರ್ತಾರೆ, ನ್ಯಾಯವಾದ ಪ್ರಶ್ನೇನೇ. ನೇಪಿಯರ್ ಆದ್ರೆ ಹಸುಗೆ ಮೇವು ಆಯ್ತು, ಅದನ್ನ ಕೊಯ್ದಾಗೆಲ್ಲಾ ಹುಲ್ಲು ಹೀರ್ಕೊಂಡಿರೋ ಗೊಬ್ಬರದ ಸತ್ವನೂ ಹಳ್ಳಕ್ಕೆ ಹೋಗ್ದೆ ಕೊಟ್ಟಿಗೆಗೆ ಬರ್ತದೆ. ಆ ಪಟ್ಟಿಗೆ ಮಾತ್ರ ಯೂರಿಯಾ ಹಾಕ್ಬೇಡಿ.

ಯೂರಿಯಾದ್ದು ಬೇರೆ ಕಥೆ, ಅದರ ಸಾರಜನಕ ನೀರಲ್ಲಿ ಕರಗಿ ಹೋಗೋದ್ರಿಂದ ಬದು ಕಟ್ಟಿದ್ರೆ ಸಾಲಲ್ಲ, ಚೆಲ್ಲೋ ಕೈಯಲ್ಲೇ ತಡೀಬೇಕು. 45 ಕೆಜಿ ಮೂಟೆ ಸಬ್ಸಿಡಿ ರೇಟಲ್ಲಿ 266 ರೂಪಾಯಿ ಚಿಲ್ಲರೆಗೆ ಸಿಗ್ತಿರೋದ್ರಿಂದ ಇನ್ನೊಂದು ಮೂಟೆ ಇರ್ಲಿ ಬಿಡು ಅಂತ ಹಾಕ್ಬಿಡ್ತಾರೆ, ಆ ಒಂದು ಮೂಟೇಲಿ ಹತ್ತಿರ ಹತ್ತಿರ 20 ಕೆಜಿ ಸಾರಜನಕ ಇರ್ತದೆ! ಮಣ್ಣು ಪರೀಕ್ಷೆ ಮಾಡ್ಸಿ, ಒಂದೇ ಸಲ ಚೆಲ್ಲದೆ ಕಂತಲ್ಲಿ ಕೊಡಿ, ಮೋಡ ಕವಿದಾಗ ಮುಟ್ಬೇಡಿ, ಗದ್ದೇಲಿ ಚೆಲ್ಲಿದ ಮೇಲೆ ಒಂದಷ್ಟು ದಿನ ನೀರು ಆಚೆ ಹೋಗ್ದಂಗೆ ಬದು ಬಾಯಿ ಕಟ್ಟಿಡಿ. ಇದಕ್ಕೆ ಊರಿಗೆ ಬೀಳೋ ಖರ್ಚು ಬಹಳ ಕಮ್ಮಿ, ರೈತನಿಗಂತೂ ಉಳಿತಾಯಾನೇ, ಹಂಗಾಗಿ ಯಾವ ಪ್ಲಾನ್ ಮಾಡಿದ್ರೂ ಇದೇ ಮೊದಲು ಇರ್ಬೇಕು ಅನ್ನೋದು ನನ್ನ ಅಭಿಪ್ರಾಯ. ಆಮೇಲೆ ಬದು, ಹುಲ್ಲು. ಕೆರೆ ಬಾಯಲ್ಲಿ ಹೂಳು ಹಿಡಿಯೋ ಗುಂಡಿ, ಚೆಕ್ ಡ್ಯಾಂ ಎಲ್ಲಾ ಅದಾದ್ಮೇಲೆ.

ಇಷ್ಟೂ ಹೊಲದ ನೀರಿನ ಮಾತು. ನಾಲೆ ನೀರು ನಿಲ್ಸಿರೋ ಬೇಸಿಗೇಲೂ ನಿಮ್ಮೂರ ಹಳ್ಳ ಕಪ್ಪಗೆ ಹರೀತಿದ್ರೆ ಅದು ಚರಂಡಿ ನೀರೇ ಇರ್ಬೇಕು, ಅದನ್ನ ಮೊದಲು ಪಂಚಾಯ್ತೀಲಿ ಎತ್ತಿ.