ನೀರಿಗೆ ಇಳಿಯುವ ಬಸ್ಸು: ಬಾಸ್ಟನ್‌ಗೆ ಹೊರಟವರಿಗೆ ಗಂಗಾವತಿಯಿಂದ ನಾಲ್ಕು ಮಾತು

ಬಸ್ಸು ನೀರಿಗೆ ಇಳಿಯುತ್ತದೆ ಅಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಬ್ರೇಕ್ ಫೇಲಾಗಿ ಇಳಿತೈತೋ, ಬೇಕಂತ ಇಳಸ್ತಾರೋ?"

ಬೇಕಂತಲೇ ಇಳಿಸುತ್ತಾರೆ. ಅಮೆರಿಕದ ಬಾಸ್ಟನ್‌ನಲ್ಲಿ ಇದಕ್ಕೆ ಡಕ್ ಟೂರ್ ಅನ್ನುತ್ತಾರೆ, 1994ರಿಂದ ನಡೆಯುತ್ತಿದೆ. ಸೆಪ್ಟೆಂಬರ್‌ನಲ್ಲಿ ತಂಗಿಯ ಮನೆಗೆ ಹೋಗಿ ಬಂದ ಮೇಲೆ ಗಂಗಾವತಿಯ ನಮ್ಮ ಓಣಿಯಲ್ಲೇ ಮೂರು ಮನೆಯವರು ಇದರ ಬಗ್ಗೆ ಕೇಳಿದರು. ಎಲ್ಲರ ಮಕ್ಕಳೂ ಆ ಕಡೆಯೇ ಇದ್ದಾರೆ. ಅದಕ್ಕೇ ಒಮ್ಮೆ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನ ದಡ್ಡತನ. ಬಸ್ಸು ಹೊರಡುವ ಜಾಗ ಮೂರಿವೆ: ಪ್ರುಡೆನ್ಶಿಯಲ್ ಸೆಂಟರ್, ಮ್ಯೂಸಿಯಂ ಆಫ್ ಸೈನ್ಸ್, ನ್ಯೂ ಇಂಗ್ಲೆಂಡ್ ಅಕ್ವೇರಿಯಂ. ನಾನು ಟಿಕೆಟ್ ತೆಗೆದದ್ದು ಮ್ಯೂಸಿಯಂನಿಂದ, ಹೋಗಿ ನಿಂತದ್ದು ಅಕ್ವೇರಿಯಂ ಮುಂದೆ. ಸಮುದ್ರ ಅಲ್ಲೇ ಇದೆಯಲ್ಲ, ನೀರಿಗೆ ಇಳಿಯುವ ಬಸ್ಸು ಇನ್ನೆಲ್ಲಿ ಇರುತ್ತೆ ಅಂತ. ಗೊತ್ತಾದ ಮೇಲೆ ಬ್ಲೂ ಲೈನ್ ರೈಲು ಹತ್ತಿ, ಗವರ್ನ್‌ಮೆಂಟ್ ಸೆಂಟರ್‌ನಲ್ಲಿ ಇಳಿದು, ಗ್ರೀನ್ ಲೈನ್ ಹಿಡಿದು, ಸೈನ್ಸ್ ಪಾರ್ಕ್ ಸ್ಟೇಷನ್‌ನಿಂದ ಮಂಡಿನೋವಿನ ಅವ್ವನನ್ನು ಹೆಚ್ಚುಕಮ್ಮಿ ಎಳೆದುಕೊಂಡೇ ಹೋದೆವು. ನಮ್ಮ ಬಸ್ಸು ಹೋಗಿಯಾಗಿತ್ತು. ಮಂಗಳವಾರ ಆಗಿದ್ದಕ್ಕೆ ಮುಂದಿನದರಲ್ಲಿ ಸೀಟು ಸಿಕ್ಕಿತು, ಶನಿವಾರ ಆಗಿದ್ದರೆ ಐವತ್ತು ಡಾಲರ್‌ಗೂ ಜಾಸ್ತಿ ಕೊಟ್ಟ ಒಂದೊಂದು ಟಿಕೆಟ್ಟೂ ಹೊಳೆಗೆ ಹುಣಸೆಹಣ್ಣು ಕಿವುಚಿದ ಹಾಗೆ. ಟಿಕೆಟ್ ಮೇಲೆ ಬರೆದ ಜಾಗವನ್ನು ಎರಡು ಸಲ ಓದಿ.

ಇನ್ನೊಂದು ಮಾತು. ಬಸ್ಸು ಸಮುದ್ರಕ್ಕೆ ಇಳಿಯುವುದಿಲ್ಲ. ಇಳಿಯುವುದು ಚಾರ್ಲ್ಸ್ ನದಿಗೆ. ಒಟ್ಟು 80 ನಿಮಿಷ, ಅದರಲ್ಲಿ ನೀರಿನ ಮೇಲೆ ಇಪ್ಪತ್ತೇ ನಿಮಿಷ. ಉಳಿದ ಒಂದು ತಾಸು ಬೀದಿ ಸುತ್ತುವುದು, ಬಂಗಾರದ ಗುಮ್ಮಟದ ಸ್ಟೇಟ್ ಹೌಸ್ (ಅಲ್ಲಿನ ವಿಧಾನಸೌಧ), ಹಳೇ ಚರ್ಚುಗಳು, ಹೀಗೆ. ಆ ಒಂದು ತಾಸೇ ನಮ್ಮ ಹಿರಿಯರಿಗೆ ಕಷ್ಟ. ಗೈಡು ಪಟಪಟ ಅಂತ ಇಂಗ್ಲಿಷ್‌ನಲ್ಲಿ ಜೋಕು ಹಾರಿಸುತ್ತಾನೆ, ಬಸ್ಸೆಲ್ಲ ನಗುತ್ತದೆ, ಅವ್ವ ನನ್ನ ಮುಖ ನೋಡುತ್ತಾಳೆ. ನಾನು ಒಂದು ಜೋಕು ಕನ್ನಡಕ್ಕೆ ತರುವಷ್ಟರಲ್ಲಿ ಎರಡು ಗಲ್ಲಿ ದಾಟಿರುತ್ತಿತ್ತು. ಹಿಂದಿನ ರಾತ್ರಿಯೇ ಊರಿನ ಕಥೆ ಹೇಳಿಬಿಡಿ. ಬ್ರಿಟಿಷರ ತೆರಿಗೆ ಮೇಲಿನ ಸಿಟ್ಟಿಗೆ 1773ರಲ್ಲಿ ಚಹಾ ಪೆಟ್ಟಿಗೆಗಳನ್ನು ಬಂದರಿನ ನೀರಿಗೆ ಎಸೆದ ಊರು ಇದು ಅಂತ ಹೇಳಿದ್ದು ಅವ್ವನಿಗೆ ಚೆನ್ನಾಗಿ ನೆನಪಿತ್ತು. ಚಹಾ ಹಾಳು ಮಾಡಿದ್ದು ಮಾತ್ರ ಅವಳಿಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಗಾಡಿಯ ಮೂಲವೂ ಹೇಳಬೇಕಾದದ್ದೇ. ಎರಡನೇ ಮಹಾಯುದ್ಧದಲ್ಲಿ ಹಡಗಿನಿಂದ ದಡಕ್ಕೆ ಸಾಮಾನು ಸಾಗಿಸಲು ಅಮೆರಿಕದವರು ಆರು ಚಕ್ರದ ಲಾರಿಗೆ ದೋಣಿಯ ಮೈ ಕೂರಿಸಿದರು. 1944ರಲ್ಲಿ ನಾರ್ಮಂಡಿಯಲ್ಲೂ ಇವು ಓಡಾಡಿದವು. ಅದರ ಹೆಸರಿನ ನಾಲ್ಕು ಅಕ್ಷರ, ಡಿ ಯು ಕೆ ಡಬ್ಲ್ಯೂ, ತಯಾರಿಸಿದ ಕಂಪನಿಯ ಸಂಕೇತ ಅಷ್ಟೇ, ಜನರ ಬಾಯಲ್ಲಿ ಅದು ಡಕ್, ಅಂದರೆ ಬಾತುಕೋಳಿ ಆಯಿತು. ನೆಲದ ಮೇಲೆ ಚಕ್ರ, ನೀರಿಗೆ ಇಳಿದ ಮೇಲೆ ಹಿಂದಿನ ಪ್ರೊಪೆಲ್ಲರ್. ಗಾಡಿ ಎತ್ತರ, ಮೆಟ್ಟಿಲೂ ಎತ್ತರ. ಮಂಡಿನೋವಿದ್ದರೆ ಬುಕ್ ಮಾಡುವಾಗಲೇ ತಿಳಿಸಿ.

ಇಳಿಜಾರಿನಲ್ಲಿ ಬಸ್ಸು ಮೂಗು ತಗ್ಗಿಸಿದಾಗ ಮಕ್ಕಳು ಕಿರುಚುತ್ತಾರೆ, ನೀರು ಎರಡೂ ಬದಿಗೆ ಚಿಮ್ಮುತ್ತದೆ, ಆಮೇಲೆ ಚಕ್ರದ ಗಡಗಡ ನಿಂತೇ ಹೋಗುತ್ತದೆ. ಅದೊಂದು ಗಳಿಗೆಗೆ ದುಡ್ಡು ಕೊಡಬಹುದು. ನದಿಗೆ 1910ರಲ್ಲೇ ಅಣೆಕಟ್ಟು ಕಟ್ಟಿದ್ದರಿಂದ ಅಲ್ಲಿ ನೀರು ಕೆರೆಯ ಹಾಗೆ ಸುಮ್ನೆ ನಿಂತಿರುತ್ತದೆ. ಉಪ್ಪು-ಮೆಣಸಿನ ಡಬ್ಬಿಯಂಥ ಗೋಪುರಗಳ ಲಾಂಗ್‌ಫೆಲೋ ಸೇತುವೆ ನೀರಿನಿಂದಲೇ ಚೆಂದ. ತಂಗಿಯ ಮಗನಿಗೆ ಸ್ವಲ್ಪ ಹೊತ್ತು ಸ್ಟೀರಿಂಗ್ ಕೊಟ್ಟರು. ಅವ್ವನ ತವರು ಆನೆಗುಂದಿ, ಆಚೆ ದಡದ ತಳವಾರ ಘಟ್ಟಕ್ಕೆ ತುಂಗಭದ್ರೆಯನ್ನು ಹರಿಗೋಲಲ್ಲಿ ನೂರು ಸಲ ದಾಟಿದವಳು. ಕೈ ಹೊರಗೆ ಚಾಚಿ ನೋಡಿದಳು. "ನೀರು ಕೈಗೆ ಸಿಗವಲ್ದು, ಇದೆಂಥಾ ದೋಣಿ?" ಆದರೆ ದಡದ ಜನರಿಗೆ ಎಲ್ಲರೂ ಸೇರಿ ಬಾತುಕೋಳಿ ಹಾಗೆ "ಕ್ವಾಕ್ ಕ್ವಾಕ್" ಅನ್ನಬೇಕು ಅಂದಾಗ ಎಲ್ಲರಿಗಿಂತ ಜೋರಾಗಿ ಕೂಗಿದವಳೂ ಅವಳೇ.

ಹವಾಮಾನ ನೋಡಿಕೊಂಡು ಹೋಗಿ. 2018ರಲ್ಲಿ ಮಿಸೌರಿಯ ಬ್ರಾನ್ಸನ್ ಹತ್ತಿರ ಇಂಥದ್ದೇ ಗಾಡಿ ಬಿರುಗಾಳಿಗೆ ಸಿಕ್ಕಿ ಮುಳುಗಿ 17 ಮಂದಿ ಸತ್ತರು. ಗುಡುಗು ಮಳೆ ಬರುತ್ತೆ ಅಂದರೆ ದಿನ ಬದಲಿಸಿ, ಟಿಕೆಟ್ ದುಡ್ಡಿನ ಮುಖ ನೋಡಬೇಡಿ. ನಡು ಚಳಿಗಾಲದಲ್ಲಿ ಟೂರ್ ಇರುವುದೇ ಇಲ್ಲ, ಸಂಕ್ರಾಂತಿ ಹೊತ್ತಿಗೆ ಹೋಗುವವರು ಆಸೆ ಬಿಡಿ. ಸೆಪ್ಟೆಂಬರ್‌ನಲ್ಲೂ ನದಿ ಮೇಲಿನ ಗಾಳಿ ನಮ್ಮವರಿಗೆ ಚಳಿಯೇ, ಶಾಲು ಇರಲಿ. ಬಸ್ಸಲ್ಲಿ ಟಾಯ್ಲೆಟ್ ಇಲ್ಲ, ಹತ್ತುವ ಮುಂಚೆಯೇ ಎಲ್ಲರನ್ನೂ ಕಳಿಸಿ, "ನನಗೇನೂ ಬೇಡ" ಅನ್ನುವವರನ್ನು ಮೊದಲು.